ಡಿಗ್ರಿ ಸರಿಯಿದ್ದರೆ ಹಾಲು ಶುದ್ಧವೇ?

ಮಕ್ಕಳೇ, ನಿಮ್ಮೂರಿನ ಡೇರಿಗೆ ಹಾಲು ಹಾಕಲು ಹೋಗಿದ್ದೀರಾ? ಅಲ್ಲಿ ಉದ್ದನೆಯ ಗಾಜಿನ ಕೊಳವೆಯೊಂದನ್ನು ಹಾಲಿನಲ್ಲಿ ತೇಲಿಬಿಟ್ಟು ‘ಡಿಗ್ರಿ’ ನೋಡುವುದುಂಟು. ಈಗ ಹಲವೆಡೆ ಯಂತ್ರಗಳು ಬಂದಿವೆ. ಆ ಕೊಳವೆಯ ಹೆಸರು ಲ್ಯಾಕ್ಟೋಮೀಟರ್.

ನೀರಿನಲ್ಲಿ ಬಿಟ್ಟರೆ ಅದು 0 ತೋರಿಸುತ್ತದೆ. ಒಳ್ಳೆಯ ಹಾಲಿನಲ್ಲಿ 30ರ ಆಸುಪಾಸು. ಹಾಲಿನ ಸಾಂದ್ರತೆ ನೀರಿಗಿಂತ ಹೆಚ್ಚು. ಆದ್ದರಿಂದ ಕೊಳವೆ ಹಾಲಿನಲ್ಲಿ ಕಡಿಮೆ ಮುಳುಗುತ್ತದೆ. ಹಾಲಿಗೆ ನೀರು ಬೆರೆಸಿದರೆ ಹೆಚ್ಚು ಮುಳುಗಿ ಡಿಗ್ರಿ ಇಳಿಯುತ್ತದೆ. ಮೋಸ ಸಿಕ್ಕಿಬಿತ್ತು ಎನ್ನುವಿರಾ? ತಾಳಿ.

ಹಾಲಿನ ಕೊಬ್ಬು ನೀರಿಗಿಂತಲೂ ಹಗುರ. ಕೆನೆ ಮೇಲೆ ಕಟ್ಟುವುದು ಅದಕ್ಕೇ. ಕೆನೆಯನ್ನೆಲ್ಲ ತೆಗೆದರೆ ಉಳಿದ ಹಾಲಿನ ಸಾಂದ್ರತೆ ಹೆಚ್ಚಿ, ಡಿಗ್ರಿ 35ರ ಹತ್ತಿರಕ್ಕೆ ಏರುತ್ತದೆ. ಇಂಥ ಆರು ಲೋಟ ಹಾಲಿಗೆ ಒಂದು ಲೋಟ ನೀರು ಸುರಿದರೆ ಏನಾಗುತ್ತದೆ? ಲೆಕ್ಕ ಮಾಡಿ: 35 × 6 = 210. 210 ÷ 7 = 30! ಕೆನೆಯೂ ಹೋಯಿತು, ನೀರೂ ಸೇರಿತು. ಲ್ಯಾಕ್ಟೋಮೀಟರ್ ಮಾತ್ರ ‘ಸರಿಯಾಗಿದೆ’ ಎನ್ನುತ್ತದೆ. ಕುಡಿಯುವ ಮಗುವಿಗೆ ಸತ್ವ ಕಡಿಮೆ. ಬೆರೆಸಿದ್ದು ಕೊಳಕು ನೀರಾದರೆ ರೋಗಾಣುಗಳೂ ಹೊಟ್ಟೆ ಸೇರಬಹುದು.

ಆದ್ದರಿಂದಲೇ ನಮ್ಮ ದೇಶದ ಕಾನೂನು ಒಂದಲ್ಲ, ಎರಡು ಅಂಕಿಗಳನ್ನು ಕೇಳುತ್ತದೆ. ಒಂದು ಕೊಬ್ಬು. ಇನ್ನೊಂದು, ನೀರು ಮತ್ತು ಕೊಬ್ಬನ್ನು ಬಿಟ್ಟು ಹಾಲಿನಲ್ಲಿ ಉಳಿಯುವ ಪ್ರೋಟೀನು, ಸಕ್ಕರೆ, ಲವಣಗಳು. ಡೇರಿಯವರು ‘ಎಸ್‌.ಎನ್‌.ಎಫ್‌.’ ಎನ್ನುವುದು ಇದನ್ನೇ. ಹಸುವಿನ ಹಾಲಿನಲ್ಲಿ ಇವು ಕನಿಷ್ಠ ಶೇ. 3.2 ಮತ್ತು 8.3 ಇರಬೇಕು. ಟೋನ್ಡ್ ಹಾಲಿನಲ್ಲಿ 3 ಮತ್ತು 8.5, ಡಬಲ್ ಟೋನ್ಡ್ ಹಾಲಿನಲ್ಲಿ 1.5 ಮತ್ತು 9. ನೋಡಿದಿರಾ, ಕೆನೆ ತೆಗೆಯುವುದೇ ತಪ್ಪಲ್ಲ! ತೆಗೆದದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ಪ್ಯಾಕೆಟ್ಟಿನ ಮೇಲಿನ ‘ಟೋನ್ಡ್’ ಎಂಬ ಹೆಸರು ಮಾರುವವರು ನಮಗೆ ಕೊಟ್ಟ ಮಾತು.

ಮನೆಮನೆಗೆ ಹಾಲು ಮಾರುವವರೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕು. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿ ಹಾಲಿನ ಮಾದರಿ ತೆಗೆದು, ನಾಲ್ಕು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಭಾಗ ಪ್ರಯೋಗಾಲಯಕ್ಕೆ ಹೋಗುತ್ತದೆ. ಕೊಬ್ಬನ್ನು ಅಳೆಯಲು ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ಗರ್ಬರ್ ಎಂಬುವರು ರೂಪಿಸಿದ ವಿಧಾನವೊಂದಿದೆ. ಹಾಲಿಗೆ ಸಲ್ಫ್ಯೂರಿಕ್ ಆಮ್ಲ ಬೆರೆಸಿ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ, ಕೊಬ್ಬು ಬೇರೆಯಾಗಿ ಕೊಳವೆಯ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿನ ಗೆರೆಗಳನ್ನು ಓದಿದರಾಯಿತು. (ಈ ಆಮ್ಲ ಚರ್ಮವನ್ನು ಸುಡುತ್ತದೆ. ನೀವು ಮುಟ್ಟಬೇಡಿ!)

ಮತ್ತೆ ಉಳಿದ ಭಾಗಗಳು? ‘ನನ್ನ ಹಾಲು ಸರಿಯಾಗಿಯೇ ಇತ್ತು’ ಎಂದು ಮಾರಿದವರು ಹೇಳಿದರೆ, ಮೊಹರು ಹಾಕಿದ ಇನ್ನೊಂದು ಭಾಗವನ್ನು ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅವು ಬೇಕಾಗುತ್ತವೆ.