ಮನೆಯ ಕಂಪ್ಯೂಟರಿನಲ್ಲಿ ರೇಡ್ ಏರ್ಪಾಡು

ನಮ್ಮ ಹಿರಿಯರು ಮನೆಯ ದಸ್ತಾವೇಜುಗಳನ್ನೂ ಭಾವಚಿತ್ರಗಳನ್ನೂ ಪೆಟ್ಟಿಗೆಯಲ್ಲಿಟ್ಟು, ಗೆದ್ದಲೂ ತೇವವೂ ತಾಕದಂತೆ ಕಾಯುತ್ತಿದ್ದರು. ಈಗ ಅನೇಕ ಕುಟುಂಬಗಳಲ್ಲಿ ಆ ಪೆಟ್ಟಿಗೆಯ ಕೆಲಸವನ್ನು ಕಂಪ್ಯೂಟರಿನ ಹಾರ್ಡ್ ಡಿಸ್ಕು ಮಾಡುತ್ತಿದೆ. ಮಕ್ಕಳ ಬಾಲ್ಯದ ಚಿತ್ರಗಳು, ಮದುವೆಯ ಚಲಚ್ಚಿತ್ರ, ತೀರಿಹೋದ ತಾಯಿಯ ಧ್ವನಿ, ಇವುಗಳಲ್ಲಿ ಎಷ್ಟೋ ವಸ್ತುಗಳಿಗೆ ಲೋಕದಲ್ಲಿ ಎರಡನೆಯ ಪ್ರತಿಯೇ ಇಲ್ಲ. ಗೆದ್ದಲು ಹತ್ತಿದ ಪೆಟ್ಟಿಗೆಯಲ್ಲಿ ಅರ್ಧ ಕಾಗದವಾದರೂ ಉಳಿಯುವದುಂಟು. ಕೆಟ್ಟುಹೋದ ಡಿಸ್ಕಿನಿಂದ ಅನೇಕ ವೇಳೆ ಏನೂ ದೊರೆಯದು. ಆದಕಾರಣ ರೇಡ್ ಎಂಬ ಏರ್ಪಾಡು ಎಂಥದು, ಅದನ್ನು ಮನೆಯಲ್ಲಿ ಕಟ್ಟುವದು ಹೇಗೆ, ಅದರಿಂದ ಆಗುವದೇನು, ಆಗದ್ದೇನು ಎಂಬ ಸಂಗತಿಗಳನ್ನು ನಾವು ಇಲ್ಲಿ ಸಂಕ್ಷೇಪವಾಗಿ ವಿವರಿಸಬಯಸುತ್ತೇವೆ.

ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ ೫೪೦೦ ಅಥವಾ ೭೨೦೦ ಸಾರಿ ತಿರುಗುತ್ತಿರುತ್ತವೆ. ಅವುಗಳ ಮೇಲೆ, ಕೂದಲೆಳೆಗಿಂತಲೂ ಎಷ್ಟೋ ಪಾಲು ಕಡಿಮೆಯಾದ ಅಂತರದಲ್ಲಿ, ಓದುವ ಮೊನೆಯು ತೇಲುತ್ತಿರುತ್ತದೆ. ಇಂಥ ಯಂತ್ರವು ಒಂದಲ್ಲ ಒಂದು ದಿನ ಸವೆದು ನಿಲ್ಲತಕ್ಕದ್ದೇ. ಅದು ಎಂದು ನಿಲ್ಲುವದೆಂದು ಮುಂದಾಗಿ ಹೇಳುವದು ಮಾತ್ರ ಯಾರಿಂದಲೂ ಆಗದು.

೧೯೮೮ನೆಯ ಇಸವಿಯಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಸ್ ಎಂಬ ಮೂವರು ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿದರು. ದೊಡ್ಡದೂ ಬಹು ಬೆಲೆಯುಳ್ಳದ್ದೂ ಆದ ಒಂದೇ ಡಿಸ್ಕಿನ ಬದಲಾಗಿ ಚಿಕ್ಕವೂ ಅಗ್ಗವೂ ಆದ ಹಲವು ಡಿಸ್ಕುಗಳನ್ನು ಒಂದು ದಳವಾಗಿ ದುಡಿಸಬಹುದೆಂಬದು ಅವರ ವಾದ. ಆದರೆ ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲಿ ಒಂದು ಕೆಡುವ ಸಂಭವವೂ ಹೆಚ್ಚುವದು. ಆದದರಿಂದ ಒಂದು ಕೆಟ್ಟರೂ ಉಳಿದವುಗಳಿಂದ ಅದರ ವಿಷಯವನ್ನು ತಿರಿಗಿ ಪಡೆಯುವಂತೆ ಸ್ವಲ್ಪ ಸ್ಥಳವನ್ನು ಮೀಸಲಿಡಬೇಕೆಂದು ಅವರು ತೋರಿಸಿ, ಈ ಏರ್ಪಾಡಿಗೆ ರೇಡ್ ಎಂದು ಹೆಸರಿಟ್ಟರು.

ರೇಡಿನಲ್ಲಿ ಹಲವು ತರಗತಿಗಳುಂಟು. ಮನೆಯವರು ತಿಳಿದಿರಬೇಕಾದವು ಮುಖ್ಯವಾಗಿ ಮೂರು. ಸೊನ್ನೆಯ ತರಗತಿಯಲ್ಲಿ ವಿಷಯವನ್ನು ತುಂಡುಮಾಡಿ ಎರಡು ಡಿಸ್ಕುಗಳಿಗೂ ಹಂಚಲಾಗುತ್ತದೆ. ಇದರಿಂದ ವೇಗ ಹೆಚ್ಚುವದು. ಆದರೆ ಒಂದು ಡಿಸ್ಕು ಕೆಟ್ಟರೆ ಎಲ್ಲವೂ ಹೋದಂತೆಯೇ. ಕುಟುಂಬದ ಚಿತ್ರಗಳನ್ನು ಇದರಲ್ಲಿ ಎಂದಿಗೂ ಇಡಬಾರದು. ಒಂದನೆಯ ತರಗತಿಗೆ ಮಿರರ್, ಅಂದರೆ ಕನ್ನಡಿ, ಎಂದು ಹೆಸರು. ಬರೆದದ್ದೆಲ್ಲವೂ ಎರಡು ಡಿಸ್ಕುಗಳಲ್ಲಿಯೂ ಒಂದೇ ತೆರನಾಗಿ ಬೀಳುವದು. ೪ ಟೆರಾಬೈಟಿನ ಎರಡು ಡಿಸ್ಕುಗಳನ್ನು ಕೊಂಡರೂ ಬಳಕೆಗೆ ಸಿಕ್ಕುವದು ೪ ಟೆರಾಬೈಟ್ ಮಾತ್ರ.

ಐದನೆಯ ತರಗತಿಗೆ ಕಡಿಮೆಯೆಂದರೆ ಮೂರು ಡಿಸ್ಕುಗಳು ಬೇಕು. ಇದರ ಯುಕ್ತಿಯನ್ನು ಶಾಲೆಯ ಲೆಕ್ಕದಿಂದ ತಿಳಿಯಬಹುದು. ಮೊದಲನೆಯ ಡಿಸ್ಕಿನಲ್ಲಿ ೭, ಎರಡನೆಯದರಲ್ಲಿ ೫, ಮೂರನೆಯದರಲ್ಲಿ ಅವುಗಳ ಮೊತ್ತವಾದ ೧೨ ಇವೆಯೆಂದು ಎಣಿಸಿರಿ. ಮೊದಲನೆಯದು ಕಳೆದುಹೋದರೆ ೧೨ರಲ್ಲಿ ೫ ಕಳೆದು ೭ನ್ನು ತಿರಿಗಿ ಪಡೆಯಬಹುದಷ್ಟೆ. ಯಂತ್ರವು ಮೊತ್ತಕ್ಕೆ ಬದಲಾಗಿ, ೧ ಎಂಬ ಅಂಕವು ಬಂದಿರುವ ಸಾರಿಗಳು ಸಮವೋ ಬೆಸವೋ ಎಂಬ ಗುರುತನ್ನು ಬರೆದಿಡುವದು. ಆ ಗುರುತನ್ನು ಒಂದೇ ಡಿಸ್ಕಿನಲ್ಲಿಡದೆ ಸರದಿಯಂತೆ ಎಲ್ಲವುಗಳಲ್ಲಿಯೂ ಇಡುವದು. ೪ ಟೆರಾಬೈಟಿನ ಮೂರು ಡಿಸ್ಕುಗಳಿಂದ ಹೀಗೆ ೮ ಟೆರಾಬೈಟ್ ಸ್ಥಳವು ದೊರೆಯುತ್ತದೆ. ಆದರೂ ಮೊದಲ ಸಾರಿ ಕಟ್ಟುವ ಮನೆಯವರಿಗೆ ಎರಡು ಡಿಸ್ಕುಗಳ ಮಿರರೇ ತಕ್ಕದ್ದೆಂದು ನಮ್ಮ ಅಭಿಪ್ರಾಯ. ಯಾಕಂದರೆ ಅದರ ರಚನೆ ಸರಳವಾದದ್ದು, ಕೆಟ್ಟಾಗ ಸರಿಪಡಿಸುವದೂ ಸುಲಭ.

ಇನ್ನು ಸಿದ್ಧತೆಯ ಮಾತು. ಒಂದೇ ಅಳತೆಯ ಎರಡು ಡಿಸ್ಕುಗಳನ್ನು ಕೊಳ್ಳಬೇಕು. ಒಂದೇ ದಿನ ಒಂದೇ ಕಂತಿನಲ್ಲಿ ತಯಾರಾದ ಡಿಸ್ಕುಗಳಲ್ಲಿ ಒಂದೇ ದೋಷವಿರಬಹುದಾದದರಿಂದ, ಸಾಧ್ಯವಾದರೆ ಬೇರೆ ಬೇರೆ ಅಂಗಡಿಗಳಿಂದ ತರುವದು ಲೇಸು. ಕೆಲವು ಡಿಸ್ಕುಗಳಲ್ಲಿ ಬರಹದ ಸಾಲುಗಳನ್ನು ಮಾಡಿನ ಹಂಚುಗಳಂತೆ ಒಂದರ ಅಂಚಿನ ಮೇಲೆ ಒಂದನ್ನು ಹೊದಿಸಿರುತ್ತಾರೆ. ಇವುಗಳಿಗೆ ಎಸ್‌ಎಂಆರ್ ಎಂದು ಹೆಸರು. ಒಂದು ಹಂಚನ್ನು ಬದಲಿಸಲು ನೆರೆಯ ಹಂಚುಗಳನ್ನೂ ಎತ್ತಬೇಕಾಗುವಂತೆ, ಇವುಗಳಲ್ಲಿ ತಿರಿಗಿ ಬರೆಯುವ ಕೆಲಸವು ಬಹಳ ನಿಧಾನ. ರೇಡಿಗೆ ಸಿಎಂಆರ್ ಎಂಬ ಬಗೆಯ ಡಿಸ್ಕನ್ನೇ ಕೇಳಿ ಕೊಳ್ಳಬೇಕು.

ಡಿಸ್ಕುಗಳನ್ನು ಜೋಡಿಸುವ ಮೊದಲು ವಿದ್ಯುತ್ತನ್ನು ಪೂರ್ತಿಯಾಗಿ ತೆಗೆಯಬೇಕು. ಪ್ರತಿಯೊಂದು ಡಿಸ್ಕಿನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಹೊರಗಿನಿಂದ ಕಾಣುವ ಸ್ಥಳದಲ್ಲಿ ಅಂಟಿಸಬೇಕು. ಇದು ಅಲ್ಪ ಕೆಲಸವೆಂದು ತೋರಬಹುದು. ಆದರೆ ಮೂರು ವರ್ಷಗಳ ತರುವಾಯ ಒಂದು ಡಿಸ್ಕು ಕೆಟ್ಟಾಗ, ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನು ಕಿತ್ತು ಅಳಿಸಿದವರು ಉಳಿದದ್ದನ್ನೂ ಕಳೆದುಕೊಳ್ಳುವರು. ರೇಡ್ ಕಟ್ಟುವಾಗ ಆ ಡಿಸ್ಕುಗಳಲ್ಲಿ ಮೊದಲಿದ್ದ ವಿಷಯವೆಲ್ಲ ಅಳಿದುಹೋಗುವದೆಂಬದನ್ನೂ ಮರೆಯಬಾರದು.

ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನೆಲಿನೊಳಗಿನ ಸ್ಟೋರೇಜ್ ಸ್ಪೇಸಸ್ ಎಂಬದನ್ನು ತೆರೆದು, ಹೊಸ ಎರಡು ಡಿಸ್ಕುಗಳನ್ನು ಆರಿಸಿ, ಟು-ವೇ ಮಿರರ್ ಎಂಬ ಕ್ರಮವನ್ನು ಗೊತ್ತುಮಾಡಿದರೆ ಸಾಕು. ಲಿನಕ್ಸಿನಲ್ಲಿ ಎಂಡಿ-ಅಡ್ಮ್ ಎಂಬ ಸಾಧನದಿಂದ ಒಂದನೆಯ ತರಗತಿಯ ದಳವನ್ನು ಕಟ್ಟಿ, ಅದರ ಮೇಲೆ ಕಡತಗಳ ವ್ಯವಸ್ಥೆಯನ್ನು ಸ್ಥಾಪಿಸಿ, ಕಂಪ್ಯೂಟರು ಪ್ರತಿ ಸಾರಿ ಎದ್ದಾಗ ತಾನಾಗಿ ಅದನ್ನು ಗುರುತಿಸುವಂತೆ ಬರೆದಿಡಬೇಕು. ಲಿನಕ್ಸು ಎರಡು ಡಿಸ್ಕುಗಳನ್ನೂ ಮೊದಲಿಂದ ಕಡೆಯ ವರೆಗೆ ಸರಿಹೊಂದಿಸುವದು. ೪ ಟೆರಾಬೈಟಿಗೆ ಏಳೆಂಟು ಗಂಟೆಗಳು ಹಿಡಿಯಬಹುದು. ಮದರ್‌ಬೋರ್ಡಿನಲ್ಲಿಯೂ ರೇಡಿನ ಅನುಕೂಲವು ಇರುವದುಂಟು. ಆದರೆ ಆ ಬೋರ್ಡು ಕೆಟ್ಟರೆ ಅದೇ ಬಗೆಯ ಬೋರ್ಡನ್ನು ಹುಡುಕಬೇಕಾದೀತು.

ಬೆಲೆಯುಳ್ಳ ವಿಷಯವನ್ನು ತುಂಬುವ ಮೊದಲು ಒಂದು ಪರೀಕ್ಷೆಯನ್ನು ಮಾಡಿ ನೋಡಬೇಕು. ಕೆಲವು ಚಿತ್ರಗಳನ್ನು ಹಾಕಿ, ಕಂಪ್ಯೂಟರನ್ನು ನಿಲ್ಲಿಸಿ, ಒಂದು ಡಿಸ್ಕಿನ ತಂತಿಯನ್ನು ಬಿಚ್ಚಿ ತಿರಿಗಿ ಎಬ್ಬಿಸಿರಿ. ಚಿತ್ರಗಳು ತೆರೆಯಬೇಕು, ಒಂದು ಡಿಸ್ಕು ಇಲ್ಲವೆಂಬ ಸೂಚನೆಯೂ ಕಾಣಬೇಕು. ಆಮೇಲೆ ನಿಲ್ಲಿಸಿ ಡಿಸ್ಕನ್ನು ಜೋಡಿಸಿ, ದಳವು ಪೂರ್ಣವಾಗುವ ಕ್ರಮವನ್ನು ಕಲಿತುಕೊಳ್ಳಿರಿ. ಆಪತ್ತು ಬಂದಾಗ ಕಲಿಯುವದಕ್ಕಿಂತ ನೆಮ್ಮದಿಯ ದಿನದಲ್ಲಿ ಕಲಿಯುವದು ಮೇಲು.

ಕಟ್ಟಿದ ಮೇಲೆ ಕಾವಲು ಬೇಕು. ಮಿರರಿನ ಒಂದು ಡಿಸ್ಕು ಸತ್ತರೂ ಕಂಪ್ಯೂಟರು ಎಂದಿನಂತೆ ನಡೆಯುತ್ತಿರುವದು. ಇದೇ ಅದರ ಗುಣ, ಇದೇ ಅದರ ಅಪಾಯ. ಯಾಕಂದರೆ ಮನೆಯವರು ತಿಳಿಯದೆ ತಿಂಗಳುಗಟ್ಟಲೆ ಒಂದೇ ಡಿಸ್ಕಿನ ಮೇಲೆ ಸಾಗುತ್ತಿರಬಹುದು. ಲಿನಕ್ಸಿನಲ್ಲಿ ದಳದ ಸ್ಥಿತಿಯನ್ನು ಕೇಳಿದರೆ, ಎರಡು ಡಿಸ್ಕುಗಳೂ ಸ್ವಸ್ಥವಾಗಿದ್ದಾಗ ಎರಡು ‘ಯು’ ಅಕ್ಷರಗಳು ತೋರುವವು. ಒಂದು ಹೋದರೆ ಅದರ ಸ್ಥಾನದಲ್ಲಿ ಬರೀ ಅಡಿಗೆರೆ. ಡೆಬಿಯನ್ ಎಂಬ ಲಿನಕ್ಸು ತಿಂಗಳ ಮೊದಲನೆಯ ಆದಿತ್ಯವಾರ ತಾನಾಗಿಯೇ ದಳವನ್ನು ಪರೀಕ್ಷಿಸುವದು. ಮನೆಯವರೂ ತಿಂಗಳಿಗೊಮ್ಮೆ ನೋಡುವ ರೂಢಿಯನ್ನಿಟ್ಟುಕೊಳ್ಳಬೇಕು. ವಿದ್ಯುತ್ತು ಆಗಾಗ ಹೋಗುವ ಊರುಗಳಲ್ಲಿ ಯುಪಿಎಸ್ ಅಗತ್ಯ. ಬರೆಯುತ್ತಿರುವಾಗ ವಿದ್ಯುತ್ತು ಕಡಿದರೆ ಡಿಸ್ಕುಗಳು ಒಂದಕ್ಕೊಂದು ಹೊಂದದೆ ಹೋಗಬಹುದು.

ಕಡೆಗೆ, ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಹೇಳಬೇಕಾಗಿದೆ. ರೇಡನ್ನು ಕಟ್ಟಿದ ಅನೇಕರು ಇನ್ನು ಭಯವಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಇದು ತಪ್ಪು ತಿಳುವಳಿಕೆ. ಕನ್ನಡಿಯು ಎದುರಿಗಿರುವದನ್ನು ತೋರಿಸುವದೇ ಹೊರತು ನಿನ್ನೆ ಇದ್ದದ್ದನ್ನು ತೋರಿಸದು. ಮಗುವೊಂದು ತಿಳಿಯದೆ ಚಿತ್ರಗಳನ್ನು ಅಳಿಸಿದರೆ ಎರಡು ಡಿಸ್ಕುಗಳಲ್ಲಿಯೂ ಅದೇ ಕ್ಷಣ ಅಳಿಯುವವು. ವೈರಸ್ಸು ಕಡತಗಳನ್ನು ಕೆಡಿಸಿದರೆ ಎರಡೂ ಕೆಡುವವು. ಸಿಡಿಲು, ಬೆಂಕಿ, ನೆರೆ, ಕಳ್ಳತನ, ಇವು ಒಂದೇ ಪೆಟ್ಟಿಗೆಯಲ್ಲಿರುವ ಎರಡು ಡಿಸ್ಕುಗಳಲ್ಲಿ ಭೇದವೆಣಿಸವು. ರೇಡ್ ಕಾಯುವದು ಡಿಸ್ಕಿನ ಮರಣದಿಂದ ಮಾತ್ರ. ನಮ್ಮ ಕೈತಪ್ಪಿನಿಂದಲ್ಲ, ಮನೆಯ ಆಪತ್ತಿನಿಂದಲೂ ಅಲ್ಲ.

ಆದದರಿಂದ ಮೂರನೆಯ ಪ್ರತಿಯೊಂದು ಪ್ರತ್ಯೇಕವಾಗಿರಬೇಕು. ಹೊರಗಿನಿಂದ ಜೋಡಿಸುವ ಒಂದು ಡಿಸ್ಕಿಗೆ ತಿಂಗಳಿಗೊಮ್ಮೆ ಎಲ್ಲವನ್ನೂ ನಕಲುಮಾಡಿ, ಅದನ್ನು ತಂತಿಯಿಂದ ಬಿಡಿಸಿ, ಅಕ್ಕನ ಮನೆಯಲ್ಲಾಗಲಿ ನಂಬಿಗಸ್ತ ಗೆಳತಿಯ ಮನೆಯಲ್ಲಾಗಲಿ ಇಡುವದು ಉತ್ತಮ. ಒಂದಕ್ಕೆ ಮಾತ್ರ ಹಣವಿದ್ದವರು ಮೊದಲು ಈ ಪ್ರತ್ಯೇಕ ಪ್ರತಿಯನ್ನು ಮಾಡಿಕೊಂಡು, ರೇಡನ್ನು ಆಮೇಲೆ ಕಟ್ಟಲಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ತಾಯಂದಿರ ಕಾಲದ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೂಡಿಸಿಟ್ಟಿರಬಹುದು. ಮೂಲ ಚಿತ್ರಗಳು ಮಾಸುತ್ತಾ ಬಂದಂತೆ ಆ ಪ್ರತಿಗಳೇ ಮೂಲವಾಗಿ ನಿಲ್ಲುವವು. ಅಂಥವರು ಈ ಲೇಖನವನ್ನು ಓದಿ ಮುಗಿಸಿದೊಡನೆ, ಅವು ಇಂದು ಎಷ್ಟು ಸ್ಥಳಗಳಲ್ಲಿವೆ ಎಂದು ಎಣಿಸಿ ನೋಡಲಿ. ಲೆಕ್ಕವು ಒಂದಕ್ಕೇ ನಿಂತರೆ, ಎರಡನೆಯ ಪ್ರತಿಯನ್ನು ಈ ವಾರವೇ ಮಾಡಿಕೊಳ್ಳಬೇಕೆಂದು ನಾವು ವಿನಯದಿಂದ ಕೇಳಿಕೊಳ್ಳುತ್ತೇವೆ.