ಕಣ್ಣು ಹಳದಿ, ಮೈಯೆಲ್ಲ ತುರಿಕೆ: ಪಿತ್ತನಾಳ ಕಟ್ಟಿಕೊಂಡಿದ್ದರೆ ಹೊಟ್ಟೆ ಕೊಯ್ಯದೆ ತೆರೆಯಬಹುದು, ತಡ ಮಾಡಿದರೆ ಮಾತ್ರ ಕಷ್ಟ

ಕಣ್ಣು ಹಳದಿಯಾಯಿತು ಅಂದರೆ ಊರ ಕಡೆ ಮೊದಲು ಸಿಗುವ ಸಲಹೆ ಒಂದೇ: ‘ಕಾಮಾಲೆ ಆಗಿದೆ, ಔಷಧಿ ಕೊಡೋರ ಹತ್ರ ಹೋಗಿ ಬನ್ನಿ.’ ನೆಲನೆಲ್ಲಿ ರಸ, ಉಪ್ಪು-ಎಣ್ಣೆ ಇಲ್ಲದ ಪಥ್ಯ, ಕೆಲವು ಕಡೆ ಕೈಗೆ ಬರೆ. ಹೀಗೇ ಎರಡು ಮೂರು ವಾರ ಕಳೆದುಹೋಗುತ್ತದೆ. ಬಹಳ ಮಂದಿಗೆ ವಾಸಿಯೂ ಆಗುತ್ತದೆ.

ಆದರೆ ಎಲ್ಲ ಕಾಮಾಲೆಯೂ ಒಂದೇ ಅಲ್ಲ. ಪಿತ್ತನಾಳ ಕಟ್ಟಿಕೊಂಡು ಬರುವ ಕಾಮಾಲೆಯಲ್ಲಿ ಕಾಯುತ್ತಾ ಕುಳಿತ ಆ ಎರಡು ಮೂರು ವಾರವೇ ಜೀವಕ್ಕೆ ಕುತ್ತು ತರಬಹುದು. ಈ ಅಡಚಣೆಯನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆರೆಯುವ ಚಿಕಿತ್ಸೆಗೆ ಇಆರ್‌ಸಿಪಿ ಎಂದು ಹೆಸರು.

ಪಿತ್ತನಾಳ ಕಟ್ಟಿಕೊಳ್ಳುವುದು ಹೇಗೆ?

ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್‌ವರೆಗೆ ಪಿತ್ತರಸ ತಯಾರಿಸುತ್ತದೆ. ಎಣ್ಣೆ, ತುಪ್ಪದಂಥ ಜಿಡ್ಡು ಜೀರ್ಣವಾಗಲು ಇದು ಬೇಕು. ಇದರಲ್ಲಿ ಒಂದಿಷ್ಟು ಪಿತ್ತಕೋಶದಲ್ಲಿ ಶೇಖರವಾಗಿ, ಊಟ ಮಾಡಿದಾಗ ಪಿತ್ತನಾಳದ ಮೂಲಕ ಸಣ್ಣ ಕರುಳಿಗೆ ಇಳಿಯುತ್ತದೆ. ಈ ನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸು. ಪೆನ್ಸಿಲ್‌ಗಿಂತ ತುಸು ಸಣ್ಣದು ಅನ್ನಬಹುದು.

ಪಿತ್ತಕೋಶದ ಕಲ್ಲು ಜಾರಿ ಬಂದು ನಾಳದಲ್ಲಿ ಸಿಕ್ಕಿಕೊಳ್ಳುವುದು ಸಾಮಾನ್ಯ ಕಾರಣ. ಪಿತ್ತನಾಳದ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಗಡ್ಡೆ ಒತ್ತಿಯೂ ನಾಳ ಮುಚ್ಚಬಹುದು. ಹಿಂದೆ ಪಿತ್ತಕೋಶದ ಆಪರೇಷನ್ ಆದವರಲ್ಲಿ ಕೆಲವೊಮ್ಮೆ ನಾಳ ಕಿರಿದಾಗುತ್ತದೆ. ಅಪರೂಪಕ್ಕೆ ಜಂತುಹುಳು ನುಗ್ಗಿ ಕಟ್ಟಿಕೊಳ್ಳುವುದೂ ಉಂಟು.

ಗುರುತು ಹಿಡಿಯುವುದು ಹೇಗೆ?

ಕರುಳಿಗೆ ಇಳಿಯಬೇಕಾದ ಪಿತ್ತ ದಾರಿ ಸಿಗದೆ ರಕ್ತಕ್ಕೆ ಸೇರುತ್ತದೆ. ಆಗ ಕಾಣುವ ಲಕ್ಷಣಗಳಿವು:

* ಕಣ್ಣು, ಚರ್ಮ ಹಳದಿಯಾಗುವುದು
* ಮೂತ್ರ ಕಡು ಹಳದಿ ಅಥವಾ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು
* ಮಲ ಜೇಡಿಮಣ್ಣಿನ ಹಾಗೆ ಬಿಳಚಿಕೊಳ್ಳುವುದು
* ಮೈಯೆಲ್ಲ ತುರಿಕೆ
* ಹೊಟ್ಟೆಯ ಮೇಲ್ಭಾಗದಲ್ಲಿ, ಮುಖ್ಯವಾಗಿ ಬಲಗಡೆ ನೋವು

ಇವುಗಳ ಜೊತೆ ಚಳಿ ನಡುಕದ ಜ್ವರ ಬಂದರೆ ನಾಳದಲ್ಲಿ ಕಟ್ಟಿಕೊಂಡ ಪಿತ್ತಕ್ಕೆ ಸೋಂಕು ತಗುಲಿದೆ ಎಂದೇ ಅನುಮಾನ ಪಡಬೇಕು. ಈ ಸೋಂಕು ರಕ್ತಕ್ಕೆ ಹರಡಿದರೆ ಬಿಪಿ ಇಳಿದು, ಕಿಡ್ನಿ ಕೆಲಸ ನಿಲ್ಲಿಸಬಹುದು. ‘ಸಂತೆ ದಿನ ಕಳೀಲಿ, ಅಂಗಡಿ ನೋಡ್ಕೊಳ್ಳೋಕೆ ಯಾರೂ ಇಲ್ಲ, ಸೋಮವಾರ ಹೋದರಾಯ್ತು’ ಅನ್ನುವ ಕಾಯಿಲೆ ಇದಲ್ಲ. ಅದೇ ದಿನ ಆಸ್ಪತ್ರೆ ಸೇರಬೇಕು.

ನೋವೇ ಇಲ್ಲದೆ ಹಳದಿ ಏರುತ್ತಾ, ತೂಕ ಇಳಿಯುತ್ತಾ ಹೋದರೂ ಸುಮ್ಮನಿರಬಾರದು. ವಯಸ್ಸಾದವರಲ್ಲಿ ಇದು ಗಡ್ಡೆಯ ಸೂಚನೆ ಆಗಿರಬಹುದು.

ನಾಟಿ ಔಷಧಿ ಕೆಲಸ ಮಾಡಿದಂತೆ ಕಾಣುವುದೇಕೆ?

ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ವೈರಸ್ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾವ ಔಷಧಿ ನಡೆಯುತ್ತಿರುತ್ತದೋ ಅದಕ್ಕೆ ಹೆಸರು ಬರುತ್ತದೆ.

ಕಲ್ಲಿನ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ನಾಳದಲ್ಲಿ ಕಲ್ಲು ಸ್ವಲ್ಪ ಸರಿದರೆ ಪಿತ್ತಕ್ಕೆ ದಾರಿಯಾಗಿ ಹಳದಿ ಇಳಿಯುತ್ತದೆ. ‘ಸರಿ ಹೋಯ್ತು’ ಅಂತ ಮನೆಯವರು ನಿರಾಳರಾಗುತ್ತಾರೆ. ಕಲ್ಲು ಮಾತ್ರ ಒಳಗೇ ಇರುತ್ತದೆ, ಮತ್ತೆ ಬಾಯಿಗೆ ಬಂದು ಕೂತರೆ ಎಲ್ಲ ಮರುಕಳಿಸುತ್ತದೆ. ಹೀಗೆ ಬಂದು ಹೋಗುವ ಕಾಮಾಲೆಯೇ ಕಲ್ಲಿನ ಒಂದು ಗುರುತು.

ಯಾವ ಬಗೆಯ ಕಾಮಾಲೆ ಎಂದು ಕಣ್ಣು ನೋಡಿ ಹೇಳಲಾಗದು. ಎಲ್‌ಎಫ್‌ಟಿ ಎಂಬ ರಕ್ತಪರೀಕ್ಷೆ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದರೆ ನಾಳ ಹಿಗ್ಗಿದೆಯೇ, ಅಡಚಣೆ ಇರಬಹುದೇ ಎಂಬ ಸುಳಿವು ಸಾಮಾನ್ಯವಾಗಿ ಸಿಗುತ್ತದೆ. ಅನುಮಾನ ಉಳಿದರೆ ಎಂಆರ್‌ಸಿಪಿ ಎಂಬ ಎಂಆರ್‌ಐ ಸ್ಕ್ಯಾನ್ ಹೇಳುತ್ತಾರೆ. ಅದು ನೋಡುವುದಕ್ಕೆ ಮಾತ್ರ. ಅಡಚಣೆ ತೆಗೆಯುವುದು ಇಆರ್‌ಸಿಪಿ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಗೊಂದಲ ಮಾಡಿಕೊಳ್ಳಬೇಡಿ.

ಇಆರ್‌ಸಿಪಿ ಹೇಗೆ ಮಾಡುತ್ತಾರೆ?

ರೋಗಿ 6ರಿಂದ 8 ಗಂಟೆ ಏನೂ ತಿನ್ನದೆ ಬರಬೇಕು. ನಿದ್ರೆ ಬರುವ ಇಂಜೆಕ್ಷನ್ ಕೊಟ್ಟು, ಪಕ್ಕದಲ್ಲಿ ಕ್ಯಾಮೆರಾ ಇರುವ ಎಂಡೋಸ್ಕೋಪನ್ನು ಬಾಯಿ, ಜಠರ ದಾಟಿಸಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಸುತ್ತಾರೆ. ಪಿತ್ತನಾಳ ಬಂದು ತೆರೆದುಕೊಳ್ಳುವುದು ಅಲ್ಲೇ. ಆ ಬಾಯಿಯೊಳಗೆ ತೆಳುವಾದ ನಳಿಕೆ ತೂರಿಸಿ, ಡೈ ಹಾಕಿ, ಎಕ್ಸ್‌ರೇ ಪರದೆಯಲ್ಲಿ ನಾಳ ಎಲ್ಲಿ ಕಟ್ಟಿದೆ ಎಂದು ನೋಡುತ್ತಾರೆ.

ಕಲ್ಲು ಇದ್ದರೆ ನಾಳದ ಬಾಯಿಯ ಬಿಗಿಯಾದ ಸ್ನಾಯುವನ್ನು ಕರೆಂಟ್ ತಂತಿಯಿಂದ ಸ್ವಲ್ಪವೇ ಕತ್ತರಿಸಿ ಅಗಲ ಮಾಡುತ್ತಾರೆ. ಆಮೇಲೆ ಪುಟ್ಟ ಬಲೂನ್ ಅಥವಾ ತಂತಿಯ ಬುಟ್ಟಿಯಿಂದ ಕಲ್ಲನ್ನು ಕರುಳಿಗೆ ಎಳೆದುಬಿಡುತ್ತಾರೆ. ಅದು ಮಲದಲ್ಲಿ ಹೋಗುತ್ತದೆ. ಕಲ್ಲು ದೊಡ್ಡದಿದ್ದರೆ ಪುಡಿ ಮಾಡಬೇಕಾಗಬಹುದು, ಎರಡನೇ ಸಲ ಬರಬೇಕಾಗಬಹುದು. ಗಡ್ಡೆಯಿಂದ ನಾಳ ಮುಚ್ಚಿದ್ದರೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಟ್ಟು ಪಿತ್ತ ಹರಿಯುವಂತೆ ಮಾಡುತ್ತಾರೆ. ಹೊಟ್ಟೆಯ ಮೇಲೆ ಗಾಯವಾಗಲಿ ಹೊಲಿಗೆಯಾಗಲಿ ಇರುವುದಿಲ್ಲ.

ಈ ಸ್ನಾಯು ಕತ್ತರಿಸುವ ವಿಧಾನವನ್ನು 1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಪ್ರಕಟಿಸಿದರು. ಅದಕ್ಕೆ ಮುಂಚೆ ನಾಳದ ಕಲ್ಲು ಅಂದರೆ ಹೊಟ್ಟೆ ಕೊಯ್ಯುವ ದೊಡ್ಡ ಆಪರೇಷನ್ನೇ ಆಗಿತ್ತು.

ಅಪಾಯ ಇಲ್ಲವೇ?

ಇದೆ. ಮೇದೋಜೀರಕ ಗ್ರಂಥಿಯ ನಾಳವೂ ಅದೇ ಜಾಗದಲ್ಲಿ ತೆರೆದುಕೊಳ್ಳುವುದರಿಂದ ಚಿಕಿತ್ಸೆಯ ನಂತರ ಆ ಗ್ರಂಥಿ ಊದಿಕೊಳ್ಳಬಹುದು. 100 ಮಂದಿಯಲ್ಲಿ ಸುಮಾರು 3ರಿಂದ 10 ಮಂದಿಗೆ ಹೀಗಾಗುತ್ತದೆ. ಹೆಚ್ಚಿನವರು ಕೆಲವೇ ದಿನಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ತೀವ್ರವಾಗುತ್ತದೆ. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಕರುಳಿಗೆ ತೂತಾಗುವುದೂ ಉಂಟು. ಮನೆಗೆ ಬಂದ ಮೇಲೆ ಜೋರು ಹೊಟ್ಟೆನೋವು, ಜ್ವರ, ವಾಂತಿ, ಕಪ್ಪು ಮಲ ಕಂಡರೆ ತಕ್ಷಣ ವಾಪಸ್ ಹೋಗಬೇಕು.

ರಕ್ತ ತೆಳುವಾಗಿಸುವ ಮಾತ್ರೆ, ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಅಲರ್ಜಿ ಇರುವವರು ಮೊದಲೇ ತಿಳಿಸಬೇಕು. ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು.

ಸ್ಟೆಂಟ್‌ಗೆ ವಾಯಿದೆ ಇದೆ, ಮರೆಯಬೇಡಿ

ಹಳದಿ ಇಳಿದು, ಊಟ ಸೇರಲು ಶುರುವಾದ ಮೇಲೆ ಬಹಳ ಮಂದಿ ಸ್ಟೆಂಟ್ ಇರುವುದನ್ನೇ ಮರೆತುಬಿಡುತ್ತಾರೆ. ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಸಬೇಕು ಅಥವಾ ಬದಲಿಸಬೇಕು. ಬಿಟ್ಟರೆ ಅದೇ ಕಟ್ಟಿಕೊಂಡು, ಚಳಿ ಜ್ವರದೊಂದಿಗೆ ಸೋಂಕು ಮರಳುತ್ತದೆ. ಕಬ್ಬಿಣದ ಬಲೆಯಂತೆ ಕಾಣುವ ಲೋಹದ ಸ್ಟೆಂಟ್ ಹೆಚ್ಚು ದಿನ ಬಾಳುತ್ತದೆ, ಬೆಲೆಯೂ ಹೆಚ್ಚು. ಯಾವ ಸ್ಟೆಂಟ್ ಹಾಕಿದ್ದಾರೆ, ಯಾವ ತಾರೀಖಿಗೆ ಬರಬೇಕು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಗಡಿಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿಡಿ.

ನಾಳದ ಕಲ್ಲು ತೆಗೆದರೂ ಪಿತ್ತಕೋಶದಲ್ಲಿ ಉಳಿದ ಕಲ್ಲು ಮತ್ತೆ ಜಾರಬಹುದು. ಹಾಗಾಗಿ ಪಿತ್ತಕೋಶವನ್ನು ಲ್ಯಾಪರೋಸ್ಕೋಪಿ ಮೂಲಕ ತೆಗೆಸಲು ವೈದ್ಯರು ಹೇಳಿದರೆ ಮುಂದೂಡಬಾರದು.

ಎಲ್ಲಿ, ಎಷ್ಟು ಖರ್ಚು?

ಈ ಚಿಕಿತ್ಸೆಗೆ ತರಬೇತಿ ಪಡೆದ ತಜ್ಞರು, ಎಕ್ಸ್‌ರೇ ಜೊತೆಗಿನ ಎಂಡೋಸ್ಕೋಪಿ ಕೊಠಡಿ ಬೇಕು. ಆದ್ದರಿಂದ ತಾಲೂಕು ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ವಿಜ್ಞಾನ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ. ಮಿತಿಯಲ್ಲಿ ಸಿಗುತ್ತದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಪ್ಯಾಕೇಜ್‌ನಲ್ಲಿ ಸ್ಟೆಂಟ್ ಸೇರಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕಣ್ಣು ಹಳದಿಯಾದ ದಿನವೇ ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿಸಿ. ಜೊತೆಗೆ ಚಳಿ ಜ್ವರ ಇದ್ದರೆ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಹೊರಡಿ, ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.