ಆಯುಧಪೂಜೆಯ ಫ್ರೂಟ್ ಸಲಾಡ್: ದುಡ್ಡಿಗಿಂತ ಗಡಿಯಾರ ಮುಖ್ಯ!

ಆಯುಧಪೂಜೆ ಹತ್ತಿರ ಬಂತೆಂದರೆ ಶಿವಮೊಗ್ಗೆಯ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಒಂದು ಕಡೆ ಚೆಂಡುಹೂವಿನ ರಾಶಿ, ಇನ್ನೊಂದು ಕಡೆ ಬೂದುಗುಂಬಳದ ಗುಡ್ಡೆ, ನಡುವೆ ಬಾಳೆಕಂದು, ಮಾವಿನಸೊಪ್ಪು. ಅಂಗಡಿ, ಗ್ಯಾರೇಜು, ಪ್ರೆಸ್ಸು, ಹಿಟ್ಟಿನ ಗಿರಣಿ, ಬಸ್ಸು, ಆಟೋ ಎಲ್ಲದಕ್ಕೂ ಪೂಜೆ. ಪೂಜೆ ಆದಮೇಲೆ ಬಂದವರ ಕೈಗೆ ಏನಾದರೂ ಇಡಬೇಕಲ್ಲ? ಹಿಂದೆ ಮಂಡಕ್ಕಿ, ಹುರಿಗಡಲೆ, ಕಾಯಿಚೂರು, ಜೊತೆಗೊಂದು ತುಂಡು ಮೈಸೂರುಪಾಕು ಕೊಟ್ಟು ಕೈಮುಗಿದರೆ ಮುಗಿಯುತ್ತಿತ್ತು. ಈಗ ಅದು ಸಾಲದು. ಪಕ್ಕದಂಗಡಿಯವರು ಕಸ್ಟರ್ಡ್ ಹಾಕಿದ ಫ್ರೂಟ್ ಸಲಾಡ್ ಕೊಟ್ಟರೆ ನಾವೂ ಕೊಡಲೇಬೇಕು!

ಕೊಡಿ ಸ್ವಾಮಿ, ಬೇಡ ಅಂದವರು ಯಾರು? ಹಣ್ಣು, ಹಾಲು ಎರಡೂ ಒಳ್ಳೆಯ ಪದಾರ್ಥವೇ. ಆದರೆ ಈ ಫ್ರೂಟ್ ಸಲಾಡಿಗೆ ಮೂರು ಶನಿಗಳು ಕಾಟ ಕೊಡುತ್ತವೆ. ಒಂದು, ನೀರಾಗುವುದು. ಎರಡು, ಕಹಿಯಾಗುವುದು. ಮೂರು, ಹುಳಿಯಾಗುವುದು. ಮೊದಲೆರಡರಿಂದ ಹೋಗುವುದು ಮರ್ಯಾದೆ ಮಾತ್ರ. ಮೂರನೆಯದರಿಂದ ಕರೆದು ಕೂರಿಸಿದ ಮಕ್ಕಳು ಮರಿಗಳ ಹೊಟ್ಟೆ ಕೆಡುತ್ತದೆ. ಮೂರಕ್ಕೂ ಕಾರಣ ದುಡ್ಡಿನ ಕೊರತೆಯಲ್ಲ, ಯಾವುದನ್ನು ಯಾವಾಗ ಹಾಕಬೇಕು ಎಂಬ ಲೆಕ್ಕ ತಪ್ಪುವುದು. ಆ ಲೆಕ್ಕವೇ ಇವತ್ತಿನ ಅಂಕಣ.

ಹೆಸರು ಇಂಗ್ಲಿಷು, ಜಾತಕ ನಮ್ಮದೇ

ಹಣ್ಣನ್ನು ಹಾಲಿನಲ್ಲಿ ಕಲಸಿ ತಿನ್ನುವುದನ್ನು ಯಾವ ದೊರೆಯೂ ಬಂದು ನಮಗೆ ಕಲಿಸಬೇಕಾಗಿರಲಿಲ್ಲ. ಮಲೆನಾಡು, ಕರಾವಳಿಯವರು ಬಾಳೆಹಣ್ಣಿಗೆ ತೆಂಗಿನಹಾಲು, ಬೆಲ್ಲ, ಏಲಕ್ಕಿ ಹಾಕಿ ರಸಾಯನ ಮಾಡುತ್ತಾರೆ. ಉತ್ತರ ಕರ್ನಾಟಕದವರು ಹಾಲು, ಸಕ್ಕರೆ ಹಾಕಿ ಸೀಕರಣೆ ಅನ್ನುತ್ತಾರೆ. ಹೊರಗಿನಿಂದ ಬಂದದ್ದು ಕಸ್ಟರ್ಡ್ ಪುಡಿ ಒಂದೇ.

ಆ ಪುಡಿಯ ಕತೆಯೂ ಸ್ವಾರಸ್ಯದ್ದು. ಇಂಗ್ಲೆಂಡಿನಲ್ಲಿ ಕಸ್ಟರ್ಡ್ ಅಂದರೆ ಮೊಟ್ಟೆ ಹಾಕಿಯೇ ಮಾಡಬೇಕಿತ್ತು. ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಎಂಬಾತನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಆತ 1837ರಲ್ಲಿ ಜೋಳದ ಹಿಟ್ಟಿನಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ಹೆಂಡತಿಗಾಗಿ ಮಾಡಿದ ಪುಡಿ, ಮೊಟ್ಟೆ ಮುಟ್ಟದ ನಮ್ಮ ಮನೆಗಳಿಗೂ ಹೇಳಿಮಾಡಿಸಿದ ಹಾಗಾಯಿತು. ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಡಬ್ಬಿಪುಡಿಯಲ್ಲೂ ಇರುವುದು ಮುಖ್ಯವಾಗಿ ಅದೇ ಕಾರ್ನ್‌ಫ್ಲೋರು, ಅದರ ಜೊತೆ ಬಣ್ಣ ಮತ್ತು ವಾಸನೆ. ಅದರಲ್ಲಿ ಜಾದೂ ಏನೂ ಇಲ್ಲ.

50 ಜನಕ್ಕೆ ಎಷ್ಟು?

ಸಣ್ಣ ಅಂಗಡಿಯ ಪೂಜೆಗೆ 50 ಜನ ಬರುತ್ತಾರೆ ಅಂತ ಇಟ್ಟುಕೊಳ್ಳಿ. ತಲೆಗೆ ಒಂದು ಬಟ್ಟಲು, ಅಂದರೆ ಸುಮಾರು 150 ಗ್ರಾಂ. ಅದಕ್ಕೆ 4 ಲೀಟರ್ ಹಾಲು, 160 ಗ್ರಾಂ ಕಸ್ಟರ್ಡ್ ಪುಡಿ, ಅರ್ಧ ಕೆಜಿ ಸಕ್ಕರೆ. ಹಣ್ಣು: ಸೇಬು ಒಂದೂಕಾಲು ಕೆಜಿ, ಏಲಕ್ಕಿ ಬಾಳೆ ಒಂದೂವರೆ ಕೆಜಿ, ದಾಳಿಂಬೆ 1 ಕೆಜಿ, ಸಪೋಟ ಮುಕ್ಕಾಲು ಕೆಜಿ, ದೊಡ್ಡದೊಂದು ಅನಾನಸ್. ಸಿಪ್ಪೆ, ಬೀಜ ಕಳೆದರೆ ನಾಲ್ಕು ಕೆಜಿ ಹೋಳು ಸಿಗುತ್ತದೆ. ಅರ್ಧ ಹಣ್ಣು, ಅರ್ಧ ಕಸ್ಟರ್ಡು, ಇದೇ ಸರಿಯಾದ ತೂಕ.

ದ್ರಾಕ್ಷಿ ಎಲ್ಲಿ ಅಂತ ಕೇಳಬೇಡಿ. ನಮ್ಮ ವಿಜಯಪುರದ ಬೀಜವಿಲ್ಲದ ದ್ರಾಕ್ಷಿ ಬರುವುದು ಶಿವರಾತ್ರಿ ಹೊತ್ತಿಗೆ. ದಸರಾದಲ್ಲಿ ಹುಡುಕಿ ತಂದ ದ್ರಾಕ್ಷಿಗೆ ಬೆಲೆ ಹೆಚ್ಚು, ಮೇಲೆ ಹುಳಿ ಇದ್ದರೆ ಹಾಲಿಗೂ ಕಂಟಕ. ಸೇಬು, ದಾಳಿಂಬೆ ದಸರಾ ಹೊತ್ತಿಗೆ ಧಾರಾಳ. ಆಯಾ ಕಾಲದ ಹಣ್ಣು ಕೊಂಡವನೇ ಜಾಣ.

ಇನ್ನೊಂದು ಮಾತು. ಹಬ್ಬದ ಹಿಂದಿನ ದಿನ ಬಾಳೆಹಣ್ಣಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಮೂರು ನಾಲ್ಕು ದಿನ ಮೊದಲೇ ಬಲಿತ ಕಾಯಿಚಿಪ್ಪು ತಂದು ಅಕ್ಕಿಡಬ್ಬಿಯಲ್ಲೋ, ಗೋಣಿಚೀಲ ಮುಚ್ಚಿಯೋ ಇಡಿ. ತಾನಾಗಿ ಹಣ್ಣಾಗುತ್ತದೆ. ಕಾರ್ಬೈಡಿನ ಭಯವೂ ಇಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ 2011ರ ಆಹಾರ ಸುರಕ್ಷತಾ ನಿಯಮಗಳಲ್ಲಿ ಸ್ಪಷ್ಟ ನಿಷೇಧವಿದೆ. ಎಥಿಲೀನ್ ಅನಿಲವನ್ನು ಮಿತಿಯಲ್ಲಿ ಬಳಸಲು ಮಾತ್ರ ಅನುಮತಿ ಇದೆ. ಹಣ್ಣಿನ ವ್ಯಾಪಾರ ಮಾಡುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳ್ಳುವವರಿಗೂ ಗೊತ್ತಿರಲಿ ಅಂತ ಬರೆದೆ.

ಅನಾನಸ್ಸಿನ ಆಟ

ಸೊರಬ, ಸಾಗರ, ಬನವಾಸಿ ಕಡೆಯ ಅನಾನಸ್ ನಮ್ಮ ಪೇಟೆಗೆ ಲಾರಿಗಟ್ಟಲೆ ಬರುತ್ತದೆ. ಘಮಘಮ ಅನ್ನುತ್ತದೆ, ಅಗ್ಗಕ್ಕೂ ಸಿಗುತ್ತದೆ. ಸರಿ ಅಂತ ಹಸಿಹಸಿ ಹೋಳು ಮಾಡಿ ಕಸ್ಟರ್ಡಿಗೆ ಸುರಿದಿರೋ, ಕೆಟ್ಟಿರಿ! ಸ್ವಲ್ಪ ಹೊತ್ತಿಗೆ ಹಾಲು ಒಡೆದ ಹಾಗಾಗಿ, ನಾಲಿಗೆಗೆ ಕಹಿ ಹತ್ತುತ್ತದೆ. ಆಗ ಹಾಲಿನವನಿಗೆ ಬೈಗುಳ. ಪಾಪ, ಅವನ ತಪ್ಪೇನೂ ಇಲ್ಲ.

ಹಸಿ ಅನಾನಸ್ಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿದೆ. ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಕಹಿ ಬರುವುದು ಅದರಿಂದ. ಪಪ್ಪಾಯಿಯಲ್ಲೂ ಇಂಥದೇ ಒಂದಿದೆ, ಪಪೈನ್ ಅಂತ. ಮಾಂಸ ಬೇಗ ಬೇಯಲಿ ಅಂತ ಪಪ್ಪಾಯಿಕಾಯಿ ಹಾಕುವುದು ಇದರ ದೆಸೆಯಿಂದಲೇ. ಈಗ ಎಲ್ಲ ಕಡೆ ಕಾಣುವ ಕಿವಿ ಹಣ್ಣೂ ಇದೇ ಜಾತಿಯದು.

ಮದ್ದು ಸುಲಭ. ಈ ಕಿಣ್ವಕ್ಕೆ ಬಿಸಿ ಅಂದರೆ ಆಗದು. ಅನಾನಸ್ ಹೋಳಿಗೆ ಒಂದು ಹಿಡಿ ಸಕ್ಕರೆ, ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಪೂರ್ತಿ ಆರಿಸಿ, ಪಾಕ ಬಸಿದು, ಹೋಳು ಮಾತ್ರ ಹಾಕಿ. ಬಸಿದ ಪಾಕಕ್ಕೆ ತಣ್ಣೀರು ಬೆರೆಸಿದರೆ ಕೆಲಸದ ಹುಡುಗರಿಗೆ ಶರಬತ್ತಾಯಿತು! ಪಪ್ಪಾಯಿ, ಕಿವಿ ಬೇಕೇ ಬೇಕು ಅನ್ನುವವರು ಬಡಿಸುವಾಗ ಮೇಲೆ ನಾಲ್ಕು ತುಂಡು ಇಡಿ, ಪಾತ್ರೆಗೆ ಹಾಕಬೇಡಿ. ಕಲ್ಲಂಗಡಿ ಹಾಕಿದರೆ ಬರೀ ನೀರು. ಮೂಸಂಬಿ, ಕಿತ್ತಳೆಯ ಹುಳಿಗೆ ಹಾಲು ಒಡೆಯುತ್ತದೆ. ಅವಕ್ಕೆ ಈ ಸಭೆಯಲ್ಲಿ ಕುರ್ಚಿ ಇಲ್ಲ.

ಕಸ್ಟರ್ಡ್ ಕಾಯಿಸುವ ಕ್ರಮ

ಹಾಲು ಗಟ್ಟಿ ಇದ್ದರೆ ರುಚಿ ಹೆಚ್ಚು. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ಶೇ. 4.5, ಫುಲ್ ಕ್ರೀಮ್ ಹಾಲಿನಲ್ಲಿ ಶೇ. 6. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ ತನ್ನಿ. ಈ ಕೆಲಸಕ್ಕೆ ನಡುವಿನದು ಸಾಕು.

ಅರ್ಧ ಲೀಟರ್ ತಣ್ಣನೆಯ ಹಾಲನ್ನು ಬೇರೆ ಇಟ್ಟು, ಅದರಲ್ಲಿ ಪುಡಿಯನ್ನು ಗಂಟಿಲ್ಲದ ಹಾಗೆ ಕದಡಿ. ಬಿಸಿ ಹಾಲಿಗೆ ಪುಡಿ ಸುರಿದರೆ ಗಂಟು ಗ್ಯಾರಂಟಿ. ಮಿಕ್ಕ ಹಾಲು ಸಕ್ಕರೆಯೊಡನೆ ಕುದಿ ಬಂದಮೇಲೆ ಉರಿ ತಗ್ಗಿಸಿ, ಕದಡಿದ್ದನ್ನು ಒಬ್ಬರು ಹೊಯ್ಯುತ್ತಿರಬೇಕು, ಇನ್ನೊಬ್ಬರು ತಿರುವುತ್ತಿರಬೇಕು. ಮೂರು ನಾಲ್ಕು ನಿಮಿಷಕ್ಕೆ ಸೌಟಿನ ಬೆನ್ನಿಗೆ ಅಂಟುವಷ್ಟು ಮಂದವಾಗುತ್ತದೆ. ಅಷ್ಟಕ್ಕೇ ಇಳಿಸಿ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ. ಒಲೆ ಮೇಲೇ ಗಟ್ಟಿ ಮಾಡಿದರೆ ಆಮೇಲೆ ಚಾಕುವಿನಲ್ಲಿ ಕೊಯ್ಯಬೇಕಾದೀತು!

ಇಲ್ಲಿಂದ ಮುಂದೆ ಗಡಿಯಾರದ ಕೆಲಸ. ನಾಲ್ಕು ಲೀಟರ್ ಬಿಸಿ ಕಸ್ಟರ್ಡು ಒಂದೇ ಆಳದ ಪಾತ್ರೆಯಲ್ಲಿದ್ದರೆ ತಾಸುಗಟ್ಟಲೆ ಉಗುರುಬೆಚ್ಚಗೆ ಕೂತಿರುತ್ತದೆ. ರೋಗಾಣುಗಳಿಗೆ ಅದೇ ಹಬ್ಬ. ಅಗಲವಾದ ಮೂರು ನಾಲ್ಕು ತಟ್ಟೆ, ಬೋಗುಣಿಗೆ ಹಂಚಿ, ತಣ್ಣೀರಿನಲ್ಲಿಟ್ಟು ತಿರುವುತ್ತಾ ಆರಿಸಿ. ತಿರುವುತ್ತಿದ್ದರೆ ಮೇಲೆ ಕೆನೆ ಕಟ್ಟುವುದಿಲ್ಲ. ಬಿಸಿ ಹೋದ ತಕ್ಷಣ ಫ್ರಿಜ್ಜಿಗೆ ಸೇರಿಸಿ. ಅಂಗಡಿಯಲ್ಲಿ ಫ್ರಿಜ್ಜಿಲ್ಲದಿದ್ದರೆ ಪಕ್ಕದ ಬೇಕರಿಯವರನ್ನೋ, ಜ್ಯೂಸ್ ಅಂಗಡಿಯವರನ್ನೋ ಕೇಳಿ. ಹಬ್ಬದ ದಿನ ನೆರೆಹೊರೆ ಅಂದರೆ ಅದೇ ಅಲ್ವೇ?

ಯಾವುದು ಮೊದಲು, ಯಾವುದು ಕಡೆಗೆ?

ಸಂಜೆ ಐದಕ್ಕೆ ಪೂಜೆ ಅಂತಾದರೆ ಕಸ್ಟರ್ಡು ಹಿಂದಿನ ರಾತ್ರಿಯೇ ಆಗಿ ಫ್ರಿಜ್ಜಿನಲ್ಲಿರಬೇಕು. ಅನಾನಸ್ ಕುದಿಸುವುದು, ದಾಳಿಂಬೆ ಬಿಡಿಸುವುದು ಬೆಳಿಗ್ಗೆ. ಬಿಡಿಸಿದ್ದನ್ನೂ ಮುಚ್ಚಿ ಫ್ರಿಜ್ಜಿನಲ್ಲಿಡಿ. ನಾಲ್ಕು ಗಂಟೆಗೆ ಸೇಬು, ಸಪೋಟ ಹೆಚ್ಚಿ. ಸೇಬಿನ ಹೋಳನ್ನು ತೆಳು ಉಪ್ಪುನೀರಿನಲ್ಲಿ ಅದ್ದಿ ಬಸಿದರೆ ಕಂದು ಬಣ್ಣಕ್ಕೆ ತಿರುಗುವುದಿಲ್ಲ. ಬಾಳೆಹಣ್ಣು ಕಟ್ಟಕಡೆಗೆ. ಹೆಚ್ಚಿದ ತಕ್ಷಣ ಕಸ್ಟರ್ಡಿನಲ್ಲಿ ಮುಳುಗಬೇಕು. ಗಾಳಿ ತಾಗಿದರೆ ಕಪ್ಪಾಗುತ್ತದೆ. ಪಚ್ಚಬಾಳೆ ಬೇಡ, ಬೇಗ ಕರಗಿ ಲೋಳೆಯಾಗುತ್ತದೆ. ಏಲಕ್ಕಿ ಬಾಳೆ ಗಟ್ಟಿ ಆಸಾಮಿ.

ಹಣ್ಣಿನ ಹೋಳಿಗೆ ಸಕ್ಕರೆ ಉದುರಿಸುವ ಚಾಳಿ ಕೆಲವರಿಗಿದೆ. ಸಕ್ಕರೆ ಬಿದ್ದರೆ ಹಣ್ಣು ನೀರು ಬಿಡುತ್ತದೆ. ಸಲಾಡ್ ಪಾಯಸವಾಗುವುದು ಹೀಗೆಯೇ. ಸಿಹಿ ಏನಿದ್ದರೂ ಕಸ್ಟರ್ಡಿನಲ್ಲೇ ಇರಲಿ. ಕಲಸುವುದಕ್ಕೆ ಸ್ಟೀಲ್ ಪಾತ್ರೆಯೇ ಆಗಬೇಕು. ಅಜ್ಜಿ ಕಾಲದ ಹಿತ್ತಾಳೆ ಕೊಳಗ ಚೆಂದವೇ, ಆದರೆ ಕಲಾಯಿ ಹೋಗಿದ್ದರೆ ಹಣ್ಣಿನ ಹುಳಿಗೆ ಕಿಲುಬು ಬಿಡುತ್ತದೆ.

ಕ್ರೀಮ್ ಅಂದದ್ದೆಲ್ಲ ಕ್ರೀಮಲ್ಲ

ಇನ್ನೂ ಸ್ವಲ್ಪ ಜೋರಾಗಿರಲಿ ಅನ್ನುವವರು ಕ್ರೀಮ್ ಹಾಕುತ್ತಾರೆ. ಫ್ರೆಶ್ ಕ್ರೀಮ್ ಅಂತ ಸಿಗುವ ಪೊಟ್ಟಣದಲ್ಲಿ ಸಾಮಾನ್ಯವಾಗಿ ಶೇ. 25ರಷ್ಟು ಹಾಲಿನ ಕೊಬ್ಬಿರುತ್ತದೆ. ಎಷ್ಟು ಕಡೆದರೂ ಅದು ಉಬ್ಬಿ ನಿಲ್ಲುವುದಿಲ್ಲ. ತಣ್ಣಗಿನ ಕಸ್ಟರ್ಡಿಗೆ ಬೆರೆಸಲು ಮಾತ್ರ ಲಾಯಕ್ಕು. 4 ಲೀಟರಿಗೆ ಅರ್ಧ ಲೀಟರ್ ಬೆರೆಸಿದರೆ ಬೇಕಾದಷ್ಟಾಯಿತು. ಬೇಕರಿ ಕೇಕಿನ ಮೇಲೆ ಗೋಪುರದ ಹಾಗೆ ನಿಲ್ಲುವುದು ಎಷ್ಟೋ ಸಲ ಹಾಲಿನದಲ್ಲ, ಸಸ್ಯದೆಣ್ಣೆಯದು.

ಐಸ್‌ಕ್ರೀಮಿನ ಕತೆಯೂ ಅಷ್ಟೇ. ನಿಯಮದ ಪ್ರಕಾರ ಐಸ್‌ಕ್ರೀಮ್ ಅನ್ನಿಸಿಕೊಳ್ಳಲು ಕಡೇಪಕ್ಷ ಶೇ. 10 ಹಾಲಿನ ಕೊಬ್ಬಿರಬೇಕು. ಸಸ್ಯದೆಣ್ಣೆ ಹಾಕಿದ್ದಕ್ಕೆ ಫ್ರೋಜನ್ ಡೆಸರ್ಟ್ ಅಂತ ಹೆಸರು. ಡಬ್ಬಿ ಮೇಲೆ ಬರೆದಿರುತ್ತದೆ, ಆದರೆ ಅಕ್ಷರ ಚಿಕ್ಕದು! ತಿನ್ನಬಾರದು ಅಂತಲ್ಲ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇವೆ ಅಂತ ತಿಳಿದು ಕೊಳ್ಳಿ, ಅಷ್ಟೇ.

ಎರಡು ತಾಸಿನ ಗಡುವು

ಹಾಲು ಬೆರೆತ ಹಣ್ಣು ಫ್ರಿಜ್ಜಿನಿಂದ ಹೊರಗೆ ಎರಡು ತಾಸಿಗಿಂತ ಹೆಚ್ಚು ಇರಕೂಡದು. ತಗಡಿನ ಚಾವಣಿಯ ಕೆಳಗೆ, ಸೆಕೆಯಲ್ಲಿ, ಒಂದೇ ತಾಸು ಅಂತಿಟ್ಟುಕೊಳ್ಳಿ. ಪೂಜೆಗೆ ಶಾಸ್ತ್ರಿಗಳು ತಡವಾಗಿ ಬಂದರೆ? ಎಂಎಲ್ಎ ಸಾಹೇಬರು ಬರುವುದು ಏಳು ಗಂಟೆಯಾದರೆ? ಪಾತ್ರೆ ಫ್ರಿಜ್ಜಿನಲ್ಲೇ ಇರಲಿ, ಯಾರಿಗೂ ಕಾಯಿಸುವುದು ಬೇಡ. ಬಡಿಸುವಾಗ ದೊಡ್ಡ ಬೋಗುಣಿಯಲ್ಲಿ ಐಸ್ ಹಾಕಿ ಅದರ ಮೇಲೆ ಸಲಾಡಿನ ಪಾತ್ರೆ ಇಡಿ. ಐಸ್ ತುಂಡು ಸಲಾಡಿನ ಒಳಗೆ ಮಾತ್ರ ಬೇಡ. ಅದು ಯಾವ ನೀರಿನದೋ ದೇವರೇ ಬಲ್ಲ.

ಈ ಪತ್ರಿಕೆಯನ್ನು ಬಸ್ಸಿನಲ್ಲಿ ಕೂತು ಓದುವವರಿಗೊಂದು ಮಾತು. ಅಂಗಡಿಯಲ್ಲಿ ಕೊಟ್ಟ ಸಲಾಡನ್ನು ಮನೆಯ ಮಕ್ಕಳಿಗೆ ಅಂತ ಡಬ್ಬಿಗೆ ತುಂಬಿಕೊಂಡು ಹೊರಡುತ್ತೀರಿ. ಪ್ರೀತಿ ದೊಡ್ಡದೇ. ಭದ್ರಾವತಿಗಾದರೆ ಸರಿ, ಹತ್ತಿರದ ದಾರಿ. ಸಾಗರದ ಬಸ್ಸು, ಅದರ ಮೇಲೆ ಹಳ್ಳಿಯ ಬಸ್ಸು ಹಿಡಿಯುವವರು ಆ ಡಬ್ಬಿಯನ್ನು ಮರೆತುಬಿಡಿ. ಬದಲಿಗೆ ಪೂಜೆಗಿಟ್ಟ ಇಡೀ ಸೇಬು, ಬಾಳೆಹಣ್ಣು ಕೇಳಿ ಪಡೆಯಿರಿ. ಕೊಡುವವರೂ ದೂರದವರಿಗೆ ಇಡೀ ಹಣ್ಣನ್ನೇ ಕೊಡಿ. ಮನೆ ತಲುಪುವವರೆಗೂ ಅದು ಕೆಡುವುದಿಲ್ಲ.

ಕೊಡುವ ಪಾತ್ರೆಯ ವಿಚಾರ. ಪ್ಲಾಸ್ಟಿಕ್ ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ಸ್ಟೀಲ್ ಬಟ್ಟಲನ್ನು ಬಾಡಿಗೆಗೆ ತನ್ನಿ, ಇಲ್ಲವೇ ಮುತ್ತುಗದ ಎಲೆಯ ದೊನ್ನೆ ಹಿಡಿಯಿರಿ. ಸಕ್ಕರೆ ಕಾಯಿಲೆಯವರಿಗಾಗಿ ಒಂದು ತಟ್ಟೆ ಸೇಬಿನ ಹೋಳು ಬೇರೆ ಎತ್ತಿಡಿ. ಹಬ್ಬದ ದಿನ ಅವರೊಬ್ಬರೇ ಸುಮ್ಮನೆ ಕೂರುವುದು ಬೇಡ.

ಫ್ರಿಜ್ಜೇ ಇಲ್ಲವೆಂದರೆ?

ಹಾಗಾದರೆ ಕಸ್ಟರ್ಡಿನ ಆಸೆ ಬಿಡಿ. ಅದರಲ್ಲಿ ನಾಚಿಕೆ ಏನು ಬಂತು? ಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ ನಾಲ್ಕು ಕಾಯಿ ತುರಿದು, ರುಬ್ಬಿ, ದಪ್ಪ ಹಾಲು ಹಿಂಡಿ. ಬೆಲ್ಲ ಕರಗಿಸಿ ಸೋಸಿ ಸೇರಿಸಿ. ಬಾಳೆಹಣ್ಣು ಹೆಚ್ಚಿ ಹಾಕಿ, ಮೇಲೆ ಏಲಕ್ಕಿ ಪುಡಿ. ಪೂಜೆಯಲ್ಲಿ ಒಡೆದ ಕಾಯಿ, ದೇವರ ಮುಂದಿಟ್ಟ ಹಣ್ಣು ಎರಡೂ ಇಲ್ಲಿಗೇ ಆಗುತ್ತವೆ. ತೆಂಗಿನಹಾಲೂ ಬೇಗ ಹಳಸುತ್ತದೆ, ಮಾಡಿದ ಗಳಿಗೆಯಲ್ಲೇ ಬಡಿಸಿ ಖಾಲಿ ಮಾಡಬೇಕು. ಬಂದವರಲ್ಲಿ ಹಿರಿಯರಾರಾದರೂ ಇದ್ದರೆ ಕಸ್ಟರ್ಡಿಗಿಂತ ಇದನ್ನೇ ಎರಡನೇ ಸಲ ಕೇಳಿಯಾರು.

ಪಕ್ಕದಂಗಡಿಯವರು ಎಷ್ಟು ಬಗೆ ಹಣ್ಣು ಹಾಕಿದರು, ಎಷ್ಟು ಲೀಟರ್ ಕ್ರೀಮ್ ಸುರಿದರು ಅನ್ನುವ ಲೆಕ್ಕ ಅವರಿಗಿರಲಿ. ನಿಮ್ಮ ಅಂಗಡಿಯಲ್ಲಿ ತಿಂದವರು ಮರುದಿನ ವಿಜಯದಶಮಿಗೆ ಬನ್ನಿ ಕೊಡಲು ನಗುನಗುತ್ತಾ ಬಂದರೆ ಸಾಕು, ಸಲಾಡ್ ಚೆನ್ನಾಗಿತ್ತು ಅಂತಲೇ ಅರ್ಥ. ಏನಂತೀರಿ?